ಹಾಕಿದವನೇ ತೆಗೆಯಬೇಕಾದ ಬೀಗ

ಗಡಿಯಾರದಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಅವನ ಕೈಗೆ ಮಾತ್ರ ಕೋಪವೆಂದರೇನೆಂದು ಗೊತ್ತಿರಲಿಲ್ಲ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸುವಾಗ ಆ ಕೈ ಅಲುಗಿದ್ದನ್ನು ಕಂಡವರಿಲ್ಲ. ಬೀದಿಯ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವನು ಗಡಿಯಾರದಣ್ಣನೇ. ಹೆಂಡತಿ ಮಾತ್ರ ಸಿಟ್ಟು ಬಂದಾಗ 'ಸೆಕೆಂಡು ಮುಳ್ಳು' ಎನ್ನುತ್ತಿದ್ದಳು. ಒಂದು ಕಡೆ ನಿಲ್ಲದೆ ಸುತ್ತುತ್ತಾನೆ, ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತಾನೆ ಎಂಬುದು ಅವಳ ದೂರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಅಲ್ಲಿಗೆ ಹೊಲಿಗೆ ಯಂತ್ರ, ತಕ್ಕಡಿ, ತೆರೆಯಲಾರದ ಪೆಟ್ಟಿಗೆಗಳೆಲ್ಲ ಬರತೊಡಗಿದವು. ಕೀ ಕಳೆದುಕೊಂಡವರು ಬೀಗವನ್ನು ಹಿಡಿದು ಅವನ ಬಾಗಿಲಿಗೇ ಬರುತ್ತಿದ್ದರು. ಹಳೇ ಗಡಿಯಾರದ ಸ್ಪ್ರಿಂಗಿನ ಒಂದು ತುಂಡು ಸಿಕ್ಕರೆ ಬೀಗ ತೆಗೆಯುವುದು ಅವನಿಗೆ ಎಡಗೈ ಆಟ.

ಇಂಥವನು ಮಾಳಿಗೆಯ ಮೇಲೆ ಸೋಲಾರು ಹಾಕಿಸಿದ್ದು ಕರೆಂಟಿನ ಆಸೆಗಿಂತ ಮೀಟರಿನ ಆಸೆಗೆ ಎಂದರೂ ತಪ್ಪಿಲ್ಲ. ಹಳೇ ಮೀಟರು ಮನೆಯೊಳಗೆ ಬಂದದ್ದನ್ನು ಮಾತ್ರ ಎಣಿಸುತ್ತಿತ್ತು. ಹೊಸದು ಎರಡು ಕಡೆಯ ಲೆಕ್ಕ ಇಡುತ್ತದೆ. ಬಿಸಿಲಿರುವಾಗ ಮನೆಗೆ ಮಿಕ್ಕ ಕರೆಂಟು ಕಂಬಕ್ಕೆ ಹೋಗುತ್ತದೆ, ಬಿಸಿಲಿಳಿದ ಮೇಲೆ ಕಂಬದಿಂದ ಮನೆಗೆ ಬರುತ್ತದೆ, ಕೊನೆಗೆ ಕೊಟ್ಟದ್ದನ್ನು ಪಡೆದದ್ದರಲ್ಲಿ ಕಳೆದು ಉಳಿದದ್ದಕ್ಕೆ ಬಿಲ್ಲು. ಕೊಟ್ಟದ್ದನ್ನೂ ಎಣಿಸುವ ಯಂತ್ರವೊಂದಿದೆ ಎಂದು ಕೇಳಿದಾಗಲೇ ಗಡಿಯಾರದಣ್ಣನಿಗೆ ಅದರ ಮೇಲೆ ಪ್ರೀತಿ ಹುಟ್ಟಿತ್ತು. ಅದು ಗೋಡೆಗೆ ಬಂದು ಕೂತ ಮೇಲೆ ಮಧ್ಯಾಹ್ನ ಊಟವಾದ ಕೂಡಲೇ ಸ್ಟೂಲು ಹಾಕಿಕೊಂಡು ಅದರ ಮುಂದೆ ಕೂರುವುದು ರೂಢಿಯಾಯಿತು. ಹಸಿರು ಅಂಕಿಗಳ ಪಕ್ಕದ ಪುಟ್ಟ ಬಾಣ ಹೊರಗಡೆ ತೋರಿಸುತ್ತಿದ್ದರೆ ಮುಖ ಅರಳುತ್ತಿತ್ತು. ಹೆಂಡತಿ ಮಿಕ್ಸಿ ಹಾಕಿದಳೋ, ಬಾಣ ಮಂಕಾಗಿ ಇವನ ಮುಖವೂ ಮಂಕು.

"ಒಂದು ದಿನವಾದ್ರೂ ನನ್ನ ಮುಖ ಹೀಗೆ ನೋಡಿದ್ರಾ?" ಎಂದು ಅವಳು ಕೇಳಿದ್ದುಂಟು.

"ನಿನ್ನ ಮುಖದಲ್ಲಿ ಬಾಣ ಯಾವಾಗ್ಲೂ ನನ್ನ ಕಡೆಗೇ ಇರುತ್ತೆ," ಎಂದಿದ್ದ ಅವನು.

ಮೀಟರಿನ ಜೊತೆಗೆ ಕಾಯಿದೆಗಳೂ ಬಂದವು, ಅವು ಅವನಿಗೆ ಹಿಡಿಸಲಿಲ್ಲ. ಒಂದು ಟ್ರಾನ್ಸ್‌ಫಾರ್ಮರಿಗೆ ಇಷ್ಟೇ ಸೋಲಾರು ಎಂಬ ಮಿತಿ ಇತ್ತು. ಇವನು ಹಾಕಿಸಲೋ ಬೇಡವೋ ಎಂದು ಮೀನ ಮೇಷ ಎಣಿಸುತ್ತಿದ್ದಾಗ ಎದುರಿನ ಬೇಕರಿಯವನೂ ಮೂಲೆಯ ಹಲ್ಲಿನ ಡಾಕ್ಟರೂ ಹಾಕಿಸಿ ಮುಂದಿನ ಬೀದಿಯ ಪಾಲು ಮುಗಿಸಿಬಿಟ್ಟಿದ್ದರು. ಹಾಗಾಗಿ ಇವನ ಮನೆಯ ತಂತಿಯನ್ನು ಮುಂದಿನ ಕಂಬದಿಂದ ಬಿಚ್ಚಿ, ಮಾಳಿಗೆಯ ಮೇಲಿಂದ ಹಾಯಿಸಿ, ಹಿಂದಿನ ಓಣಿಯ ಕಂಬಕ್ಕೆ ಕಟ್ಟಿದರು. ಹುಟ್ಟಿದಾಗಿನಿಂದ ಮುಂದಿನ ಬೀದಿಯವನಾಗಿದ್ದವನನ್ನು ಹಿಂದಿನ ಓಣಿಗೆ ಸೇರಿಸಿದರು ಎಂದು ಒಂದಷ್ಟು ದಿನ ಗೊಣಗಿ ಆಮೇಲೆ ಮರೆತ.

ಇನ್ನೊಂದು ಕಾಯಿದೆ ಮರೆಯುವಂಥದ್ದಲ್ಲ. ಕಂಬದಲ್ಲಿ ಕರೆಂಟು ಹೋದರೆ ಸೋಲಾರೂ ತನ್ನಷ್ಟಕ್ಕೆ ನಿಂತುಬಿಡಬೇಕು. ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದರೂ ಮನೆ ಕತ್ತಲು. ರಿಪೇರಿಗೆ ಕಂಬ ಹತ್ತಿದವನಿಗೆ ಮನೆಗಳ ಕಡೆಯಿಂದ ಕರೆಂಟು ಹರಿದು ಬರಬಾರದು, ಅದಕ್ಕೆ. ಸಾಲದ್ದಕ್ಕೆ, ಮನೆಗೂ ಕಂಬಕ್ಕೂ ಸಂಬಂಧ ಕಡಿಯುವ ಒಂದು ದೊಡ್ಡ ಸ್ವಿಚ್ಚು ಹೊರಗೋಡೆಯಲ್ಲಿ, ಮೀಟರಿನ ಪಕ್ಕದಲ್ಲೇ ಇರಬೇಕು. ಕೆಲಸಕ್ಕೆ ಬಂದ ಲೈನ್‌ಮನ್ನು ಅದರ ಹಿಡಿಯನ್ನು ಇಳಿಸಿ ತನ್ನ ಬೀಗ ಹಾಕುತ್ತಾನೆ. ಒಂದೇ ಕೀ, ಅದು ಅವನ ಜೇಬಿನಲ್ಲಿ. ಹಾಕಿದವನೇ ತೆಗೆಯಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ.

"ನನ್ನ ಮನೆ, ನನ್ನ ಬಿಸಿಲು, ಬೀಗ ಮಾತ್ರ ಅವರದು," ಎನ್ನುತ್ತಿದ್ದ ಗಡಿಯಾರದಣ್ಣ. ಆ ಬೀಗ ಅವನಿಗೆ ಅಷ್ಟೊಂದು ಚುಚ್ಚಲು ಇನ್ನೊಂದು ಕಾರಣವಿತ್ತು. ಆ ಭಾಗದ ಲೈನ್‌ಮನ್ನು ಅವನ ಅಳಿಯನೇ ಆಗಿದ್ದ.

ಅಳಿಯ ಎಂಬ ಮಾತನ್ನು ಗಡಿಯಾರದಣ್ಣ ಬಾಯಲ್ಲಿ ತರುತ್ತಿರಲಿಲ್ಲ. ಎರಡೂ ಒಂದೇ ಎನ್ನಲು ಜನ 'ಅಳಿಯ ಅಲ್ಲ, ಮಗಳ ಗಂಡ' ಎಂದು ತಮಾಷೆ ಮಾಡುತ್ತಾರಲ್ಲ, ಇವನಿಗೆ ಅದು ತಮಾಷೆಯಾಗಿರಲಿಲ್ಲ. ಯಾರಾದರೂ ಕೇಳಿದರೆ "ಮಗಳ ಗಂಡ" ಎಂದೇ ಹೇಳುತ್ತಿದ್ದ. ಹುಡುಗ ಕೆಟ್ಟವನೆಂದಲ್ಲ. ಮಗಳು ಅವನನ್ನೇ ಮದುವೆಯಾಗುತ್ತೇನೆ ಎಂದ ದಿನ ಇವನು ಕೈಯಲ್ಲಿದ್ದ ಗಡಿಯಾರವನ್ನು ಕೆಳಗಿಟ್ಟು, "ಕಂಬ ಹತ್ತೋನಿಗೆ ನಿನ್ನ ಕೊಟ್ಟು, ದಿನಾ ಸಂಜೆ ಅವನು ಇಳಿದನೋ ಇಲ್ವೋ ಅಂತ ನಾನು ಗಡಿಯಾರ ನೋಡ್ಕೊಂಡು ಕೂರ್ಬೇಕಾ?" ಎಂದಿದ್ದ. ಮಗಳು, "ನೀವು ಹೇಗೂ ಗಡಿಯಾರ ನೋಡ್ಕೊಂಡೇ ಕೂತಿರ್ತೀರಲ್ಲಪ್ಪ," ಎಂದು ನಕ್ಕಿದ್ದಳು. ಮದುವೆ ನಡೆಯಿತು. ಮಗಳು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಅವಳ ಗಂಡ ಗೇಟಿನವರೆಗೆ ಬಿಟ್ಟು, "ಮಾವ, ಚೆನ್ನಾಗಿದೀರಾ?" ಎಂದು ಕೇಳುತ್ತಿದ್ದ. "ಚೆನ್ನಾಗಿದೀನಿ ಲೈನ್‌ಮನ್ನೋರೇ," ಎಂದು ಇವನು ಚಿಮಟದಿಂದ ಕಣ್ಣೆತ್ತದೆ ಹೇಳುತ್ತಿದ್ದ. ಒಳಗೆ ಬನ್ನಿ ಎನ್ನುವ ಮಾತು ಇವನ ಬಾಯಿಂದ ಬರಲಿಲ್ಲ, ಕರೆಯದೆ ಬರುವ ಜಾಯಮಾನ ಅವನದಲ್ಲ.

ಬಿಸಿಲಿದ್ದೂ ಕತ್ತಲಲ್ಲಿ ಕೂರಿಸುವ ಕಾಯಿದೆಗೆ ಗಡಿಯಾರದಣ್ಣ ಒಂದು ಉಪಾಯ ಹುಡುಕಿದ್ದ. ರೇಡಿಯೋ ರಿಪೇರಿ ಮಾಡುವ ಅವನ ಗೆಳೆಯನೊಬ್ಬ ಹಳೇ ಬ್ಯಾಟರಿ, ಹಳೇ ಇನ್ವರ್ಟರು ತಂದು ಮೆಟ್ಟಿಲ ಕೆಳಗೆ ಕೂರಿಸಿಕೊಟ್ಟ. ಕಂಬದ ಕರೆಂಟು ಹೋದಾಗ ಅದನ್ನು ಒತ್ತಿದರೆ ಮನೆಯ ತಂತಿಯಲ್ಲಿ ಕರೆಂಟು ಕಾಣಿಸುತ್ತದೆ. ಕಂಬಕ್ಕೆ ಜೀವ ಬಂತು ಎಂದುಕೊಂಡು ಸೋಲಾರು ಮತ್ತೆ ಕೆಲಸ ಶುರುಮಾಡುತ್ತದೆ.

"ಆದ್ರೆ ಕ್ರಮ ತಪ್ಪಬಾರ್ದು," ಎಂದು ಗೆಳೆಯ ಎಚ್ಚರಿಸಿದ್ದ. "ಮೊದ್ಲು ಹೊರಗಿನ ಸ್ವಿಚ್ ಇಳಿಸ್ಬೇಕು, ಆಮೇಲೆ ಬ್ಯಾಟರಿ. ಕರೆಂಟು ಬಂದ್ಮೇಲೆ ಮೊದ್ಲು ಬ್ಯಾಟರಿ ಆರಿಸ್ಬೇಕು, ಆಮೇಲೆ ಸ್ವಿಚ್ ಎತ್ಬೇಕು. ಹಿಂದೆ ಮುಂದೆ ಆಯ್ತೋ, ನಿನ್ನ ಮನೆ ಕರೆಂಟು ಕಂಬಕ್ಕೆ ಹೋಗಿ ಯಾರನ್ನಾದ್ರೂ ಸುಡುತ್ತೆ."

"ಕ್ರಮದ ವಿಷಯ ನನಗೆ ಹೇಳ್ತೀಯಾ?" ಎಂದಿದ್ದ ಗಡಿಯಾರದಣ್ಣ. ನೂರಾರು ಬಿಡಿಭಾಗ ಬಿಚ್ಚಿ ಒಂದೂ ಹೆಚ್ಚುಕಡಿಮೆಯಾಗದಂತೆ ಜೋಡಿಸುವವನು ತಾನು. ತಪ್ಪದಂತೆ ತಡೆಯುವ ಇನ್ನೊಂದು ಸ್ವಿಚ್ಚು ಹಾಕೋಣ ಎಂದ ಗೆಳೆಯನಿಗೆ, ತನ್ನ ಕೈಗಿಂತ ಅದು ಹೆಚ್ಚೇನಲ್ಲ ಎಂದು ಹೇಳಿ ಕಳಿಸಿದ.

ಆವತ್ತು ಬೆಳಿಗ್ಗೆ ಜೋರು ಗಾಳಿ ಬೀಸಿ ಮುಂದೆಯೂ ಹಿಂದೆಯೂ ತಂತಿಗಳ ಮೇಲೆ ಕೊಂಬೆಗಳು ಬಿದ್ದವು. ಗಾಳಿ ನಿಂತು ಆಕಾಶ ತೊಳೆದಿಟ್ಟಂತೆ ತಿಳಿಯಾದ ಮೇಲೆ ಲೈನ್‌ಮನ್ನು ಬಂದ. ಹೊರಗಿನ ಹಿಡಿಯನ್ನು ಇಳಿಸಿದ ಸದ್ದು, ಬೀಗ ಬಿದ್ದ ಸದ್ದು ಎರಡೂ ಒಳಗೆ ಕೇಳಿದವು.

"ಮಾವ, ಬೀಗ ಹಾಕಿದೀನಿ. ನಾನೇ ಬಂದು ತೆಗೀತೀನಿ," ಎಂದು ಗೇಟಿನಿಂದ ಕೂಗಿದ.

ಅಡುಗೆಮನೆಯಿಂದ ಹೆಂಡತಿಯೇ, "ಹುಷಾರಪ್ಪ," ಎಂದಳು. ಸ್ವಿಚ್ಚು ಇಳಿದಾಗಿತ್ತು, ಆದ್ದರಿಂದ ಗಡಿಯಾರದಣ್ಣನಿಗೆ ಉಳಿದದ್ದು ಮೆಟ್ಟಿಲ ಕೆಳಗಿನ ಬ್ಯಾಟರಿ ಒತ್ತುವುದಷ್ಟೇ. ಒತ್ತಿದ. ಮೇಜಿನ ದೀಪ ಹೊತ್ತಿತು, ಬ್ಯಾಟರಿಯ ಪೆಟ್ಟಿಗೆ ಜೇನುಗೂಡಿನಂತೆ ಗುಂಯ್ಗುಟ್ಟಿತು, ಅವನು ಒಂದು ಹಳೇ ಅಲಾರಾಂ ಗಡಿಯಾರವನ್ನು ಬಿಚ್ಚಿಕೊಂಡು ಕೂತ.

ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಎದುರಿನ ಬೇಕರಿಯಲ್ಲಿ ಹಿಟ್ಟು ಕಲೆಸುವ ಯಂತ್ರ ಗರಗರ ತಿರುಗತೊಡಗಿತು. ಮೂಲೆಯಲ್ಲಿ ಹಲ್ಲಿನ ಡಾಕ್ಟರ ಬೋರ್ಡು ಹೊತ್ತಿಕೊಂಡಿತು. ಕರೆಂಟು ಬಂದಿದೆ. ಊಟ ಮಾಡಿದ, ಕೈ ತೊಳೆದ, ಸ್ಟೂಲು ತೆಗೆದುಕೊಂಡು ಹೊರಗೆ ಬಂದ. ಬೀಗ ಹಾಗೇ ನೇತಾಡುತ್ತಿತ್ತು. ವರ್ಷಕ್ಕೆ ಕೆಲವೇ ದಿನ ಸಿಗುವಂಥ ಬಿಸಿಲು. ಇಡೀ ಬೀದಿ ಕರೆಂಟಿನಲ್ಲಿ ಓಡುತ್ತಿದೆ, ಇವನ ಮಾಳಿಗೆಯ ಮೇಲೆ ಬಿದ್ದದ್ದು ಮಾತ್ರ ಹೊರಗೆ ಹೋಗಲು ದಾರಿಯಿಲ್ಲದೆ ಮಣ್ಣುಪಾಲು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದವರ ಕತೆ ಅವನಿಗೆ ಗೊತ್ತಿತ್ತು. ಬೆಣ್ಣೆಯಿಟ್ಟ ಮುಷ್ಟಿಗೇ ಬೀಗ ಹಾಕಿ ಹೋದವರ ಕತೆ ಗೊತ್ತಿರಲಿಲ್ಲ.

"ಮರೆತು ಹೋಗಿರ್ಬೇಕು. ಫೋನ್ ಮಾಡಿ," ಎಂದಳು ಹೆಂಡತಿ ಬಾಗಿಲಲ್ಲಿ ನಿಂತು.

"ಮರೆತಿಲ್ಲ. ಬೇಕಂತಲೇ ಮಾಡಿದಾನೆ. ಗೇಟಲ್ಲಿ ನಿಲ್ಲಿಸಿದ್ದಕ್ಕೆ ಸೇಡು."

"ಅವನಿಗೆ ಸೇಡು ಗೀಡು ಗೊತ್ತಿದ್ರೆ ನಿಮ್ಮನ್ನ ಮಾವ ಅಂತಿರ್ಲಿಲ್ಲ."

"ಬಂದ್ರೆ ಎಷ್ಟು ಯೂನಿಟ್ ಹಾಳು ಮಾಡ್ದೆ ಅಂತ ಮುಖದ ಮೇಲೇ ಹೇಳ್ತೀನಿ," ಎಂದು ಅವನು ಒಳಗೆ ಹೋಗಿ ಸ್ಪ್ರಿಂಗಿನ ತುಂಡು ತಂದ. ಹೆಂಡತಿ ಪಾತ್ರೆ ತೊಳೆಯಲು ಹೋದಳು. ಬೀಗ ಒಳ್ಳೆಯದೇ, ಆದರೆ ಅವನ ಮುಂದೆ ಎಷ್ಟು ಹೊತ್ತು ನಿಂತೀತು? ಕಿವಿ ಹತ್ತಿರ ತಂದು, ಕಣ್ಣು ಮುಚ್ಚಿ, ಒಳಗಿನ ಒಂದೊಂದು ಮುಳ್ಳು ಏಳುವುದನ್ನು ಬೆರಳ ತುದಿಯಲ್ಲಿ ಕೇಳಿಸಿಕೊಂಡ. ಬೀಗ ಬಾಯಿ ಬಿಟ್ಟಿತು. ಅದನ್ನು ಎಡಗೈಯಲ್ಲಿ ಹಿಡಿದು ಬಲಗೈಯನ್ನು ಸ್ವಿಚ್ಚಿನ ಹಿಡಿಯ ಮೇಲಿಟ್ಟ.

ಎತ್ತುವ ಮುಂಚೆ ಮೀಟರಿನ ಅಂಕಿ ನೋಡಿಟ್ಟುಕೊಳ್ಳಬೇಕೆನ್ನಿಸಿತು. ಜಗಳಕ್ಕೆ ಹೋಗುವವನಿಗೆ ಲೆಕ್ಕ ಕೈಯಲ್ಲಿರಬೇಕಲ್ಲ. ಕತ್ತು ಹೊರಳಿಸಿ ನೋಡಿದ.

ಮೀಟರಿನ ಮುಖ ಖಾಲಿಯಿತ್ತು. ಅಂಕಿಯಿಲ್ಲ, ಬಾಣವಿಲ್ಲ, ಹಸಿರು ಬೆಳಕಿಲ್ಲ. ಅವನಿಗೆ ಮೊದಲು ಸಿಟ್ಟೇ ಬಂತು, ಇದೂ ಕೆಟ್ಟಿತಾ ಎಂದು. ಕಂಬದ ಕಡೆಯಿಂದ ಬೆಳಕು ಪಡೆಯುವ ಯಂತ್ರ ಅದು, ಕಂಬದಲ್ಲಿ ಕರೆಂಟಿದ್ದರೆ ಸ್ವಿಚ್ಚು ಇಳಿದಿದ್ದರೂ ಹೊತ್ತಿರಬೇಕು. ಎದುರಿನ ಬೇಕರಿ ಓಡುತ್ತಿದೆ, ಇದು ಯಾಕೆ ಸತ್ತಿದೆ? ಮೀಟರಿನಿಂದ ಹೊರಟ ತಂತಿಯನ್ನು ಅವನ ಕಣ್ಣು ಹಿಡಿದು ಹೋಯಿತು. ತಂತಿ ಮುಂದಿನ ಬೀದಿಗೆ ಹೋಗಲಿಲ್ಲ. ಗೋಡೆ ಏರಿತು, ಮಾಳಿಗೆಯ ಅಂಚು ದಾಟಿತು, ಹಿಂದಿನ ಓಣಿಯ ಕಂಬಕ್ಕೆ ಹೋಯಿತು. ಮನೆಯ ಪಕ್ಕದ ಸಂದಿಯ ಆಚೆ ಆ ಕಂಬದ ಮೇಲ್ಭಾಗ ಕಾಣುತ್ತಿತ್ತು. ಅಲ್ಲಿ ಬೆಲ್ಟಿಗೆ ಜೋತುಬಿದ್ದು, ಬೆನ್ನು ಈ ಕಡೆ ಮಾಡಿ, ಎರಡೂ ಕೈ ತಂತಿಯ ಮೇಲಿಟ್ಟು ಒಬ್ಬ ಕೆಲಸ ಮಾಡುತ್ತಿದ್ದ. ಗೇಟಿನಿಂದ ತಿರುಗಿ ಹೋಗುತ್ತಿದ್ದ ಆ ಬೆನ್ನನ್ನು ಗಡಿಯಾರದಣ್ಣ ಎಷ್ಟೋ ಸಲ ನೋಡಿದ್ದ.

ಆಗ ಮೆಟ್ಟಿಲ ಕೆಳಗಿನ ಗುಂಯ್‌ ಸದ್ದು ಕಿವಿಗೆ ಬಿತ್ತು. ಬ್ಯಾಟರಿ ಓಡುತ್ತಲೇ ಇತ್ತು. ಮೊದಲು ಆರಿಸಬೇಕಾದದ್ದನ್ನು ಅವನು ಆರಿಸಿರಲೇ ಇಲ್ಲ.

ಹಿಡಿಯ ಮೇಲಿಂದ ಕೈ ತೆಗೆಯಬೇಕು, ತೆಗೆಯುವಾಗ ಎಲ್ಲಿ ಅದು ಮೇಲಕ್ಕೆ ಎಳೆದುಬಿಡುತ್ತದೋ ಎಂದು ಹೆದರಿಕೆಯಾಯಿತು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ತನ್ನ ಕೈಯ ಮೇಲೆ ನಂಬಿಕೆ ಇರಲಿಲ್ಲ. ಒಂದೊಂದೇ ಬೆರಳು ಬಿಡಿಸಿಕೊಂಡ. ಬೀಗವನ್ನು ಮತ್ತೆ ಸಿಕ್ಕಿಸಿ ಒತ್ತಿದ. ಒಳಗೆ ಓಡಿ ಬ್ಯಾಟರಿ ಆರಿಸಿದ. ಮತ್ತೆ ಹೊರಗೆ ಬಂದು ಬೀಗವನ್ನು ಎಳೆದು ನೋಡಿ, ಸ್ವಿಚ್ಚಿಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತ.

ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಮಗಳಿಗೆ ಯಾವ ಗತಿ ಬರಬಾರದೆಂದು ಅವನು ಆ ಮದುವೆಯನ್ನೇ ಬೇಡವೆಂದಿದ್ದನೋ, ಆ ಗತಿಯನ್ನು ಈ ಕೈಯೇ ತರುವುದರಲ್ಲಿತ್ತು. ಕಂಬವೂ ಅಲ್ಲ, ಗಾಳಿಯೂ ಅಲ್ಲ. ಅವನಿಗೆ ಅಳು ಬಂತು. ಅಳುವುದಕ್ಕೂ ನಾಚಿಕೆಯಾಗಿ ಸುಮ್ಮನೆ ಕಂಬವನ್ನೇ ನೋಡುತ್ತ ಕೂತ.

ಪಾತ್ರೆ ಮುಗಿಸಿ ಬಂದ ಹೆಂಡತಿ, "ಈ ಉರಿಬಿಸಿಲಲ್ಲಿ ಯಾಕೆ ಕೂತಿದೀರ?" ಎಂದಳು.

"ಕಾಯ್ತಿದೀನಿ."

"ಯಾರನ್ನ?"

"ಅಳಿಯನ್ನ."

ಅವಳಿಗೆ ನಗು ಬರುವುದರಲ್ಲಿತ್ತು. ಗಂಡನ ಮುಖ ನೋಡಿ ನಗದೆ, ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು ಹೋದಳು.

ಬಿಸಿಲು ಗೋಡೆಯಿಂದ ನೆಲಕ್ಕಿಳಿದ ಮೇಲೆ ಮೀಟರು ಕಣ್ಣು ಬಿಟ್ಟಿತು. ಹಸಿರು ಅಂಕಿಗಳು ಬಂದವು. ಹಿಂದಿನ ಲೈನಿಗೆ ಕರೆಂಟು ಬಂತು ಎಂದರೆ ಕಂಬ ಹತ್ತಿದವನು ಇಳಿದಿದ್ದಾನೆ ಎಂದರ್ಥ. ಗಡಿಯಾರದಣ್ಣ ಆಗ ಉಸಿರು ಬಿಟ್ಟ. ಅಂಕಿ ಎಷ್ಟೆಂದು ಓದಲಿಲ್ಲ.

ಲೈನ್‌ಮನ್ನು ಗೇಟಿನ ಹತ್ತಿರ ಬಂದು ಮಾವ ಅಲ್ಲಿ ಕೂತದ್ದನ್ನು ನೋಡಿ ಬೈಗುಳಕ್ಕೆ ಸಿದ್ಧನಾದವನಂತೆ ನಿಂತ. "ತಡ ಆಯ್ತು ಮಾವ. ಮುಂದಿನ ಬೀದಿ ಬೇಗ ಮುಗೀತು, ಹಿಂದೆ ಎರಡು ಕಡೆ ತುಂಡಾಗಿತ್ತು," ಎಂದು ಜೇಬಿನಿಂದ ಕೀ ತೆಗೆದ. "ಬೆಳಿಗ್ಗೆಯಿಂದ ನಿಮ್ಮ ಬಿಸಿಲು ಹಾಳಾಯ್ತು."

"ಹಾಳಾಗ್ಲಿ. ಬನ್ನಿ ಒಳಗೆ."

ಅವನು ಬಂದ. ಮುಖದ ಮೇಲೆ ಧೂಳು, ಬೆವರಿನ ಗೆರೆ. ಭುಜಕ್ಕೆ ಒಂದು ತಾಮ್ರದ ಚೈನು ಸುತ್ತಿಕೊಂಡಿದ್ದ. ಕೆಲಸ ಮಾಡುವ ಜಾಗದ ಪಕ್ಕದಲ್ಲಿ ತಂತಿಗೂ ನೆಲಕ್ಕೂ ಅದನ್ನು ಕಟ್ಟಿಟ್ಟರೆ, ತಪ್ಪಿ ಹರಿದು ಬಂದ ಕರೆಂಟು ಮನುಷ್ಯನನ್ನು ಬಿಟ್ಟು ನೆಲಕ್ಕೆ ಹೋಗುತ್ತದೆ.

"ಇದು ಎರಡು ಕಡೆ ಕಟ್ಬೇಕಲ್ವಾ?" ಎಂದ ಗಡಿಯಾರದಣ್ಣ.

"ಕಟ್ಬೇಕು. ಇವತ್ತು ಎಲ್ಲಾ ಕಡೆ ಕೆಲಸ, ಚೈನ್ ಒಂದೇ ಸಿಕ್ತು. ಟ್ರಾನ್ಸ್‌ಫಾರ್ಮರ್ ಕಡೆಗೆ ಕಟ್ದೆ." ಲೈನ್‌ಮನ್ನು ಬೀಗದ ಕಡೆ ಬಾಗುತ್ತ ಸಹಜವಾಗಿಯೇ ಹೇಳಿದ. "ಈ ಕಡೆ ಇರೋದು ನಿಮ್ಮ ಸೋಲಾರ್ ಒಂದೇ. ನಮ್ಮನೆಯವ್ರೇ ಅಲ್ವಾ, ಬೀಗ ಸಾಕು ಅಂದ್ಕೊಂಡೆ."

ಈ ಮಾತು ಕೇಳದಿದ್ದರೆ ಗಡಿಯಾರದಣ್ಣ ಬಾಯಿ ಬಿಡುತ್ತಿದ್ದನೋ ಇಲ್ಲವೋ. ಬೀಗದ ಮೇಲೆ ಗೀರು ಕೂಡ ಇರಲಿಲ್ಲ, ಅವನ ಕೆಲಸ ಅಷ್ಟು ಚೊಕ್ಕ. ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ.

"ಅದನ್ನ ನಾನು ತೆಗ್ದಿದ್ದೆ," ಎಂದ.

ಲೈನ್‌ಮನ್ನಿನ ಕೈ ನಿಂತಿತು. "ಏನನ್ನ?"

"ಬೀಗಾನ. ನೀನು ಕಂಬದ ಮೇಲಿದ್ದಾಗ. ಕರೆಂಟು ಬಂದಿದೆ ಅಂದ್ಕೊಂಡೆ. ಒಳಗೆ ಒಂದು ಬ್ಯಾಟರಿ ಇದೆ, ಕಳ್ಳ ವೈರಿಂಗು. ಅದು ಓಡ್ತಾ ಇತ್ತು. ಹಿಡಿ ಮೇಲೆ ಕೈ ಇಟ್ಟಿದ್ದೆ."

"ಎತ್ತಿದ್ರಾ?"

"ಇಲ್ಲ. ಮೀಟರ್ ನೋಡ್ದೆ. ಸತ್ತಿತ್ತು." ಗಡಿಯಾರದಣ್ಣ ಮೀಟರಿನ ಕಡೆ ಕೈ ತೋರಿಸಿದ. "ನಿನ್ನ ಕಾಪಾಡೋಕೆ ನೋಡಿದ್ದಲ್ಲ. ನಿನ್ನ ಜೊತೆ ಜಗಳ ಆಡೋಕೆ ಅಂಕಿ ಬೇಕಿತ್ತು, ಅದಕ್ಕೆ ನೋಡಿದ್ದು."

ಲೈನ್‌ಮನ್ನು ಬಾಗಿಲ ಮೆಟ್ಟಿಲ ಮೇಲೆ ಕೂತ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಬೈದಿದ್ದರೆ ಗಡಿಯಾರದಣ್ಣನಿಗೆ ಹಗುರವಾಗುತ್ತಿತ್ತು, ಅವನು ಬೈಯಲಿಲ್ಲ.

"ಇನ್ಮೇಲೆ ಎರಡನೇ ಚೈನ್ ಇಲ್ದೆ ನಿಮ್ಮ ಲೈನ್ ಮುಟ್ಟಲ್ಲ ಮಾವ," ಎಂದ ಕೊನೆಗೆ.

"ಮುಟ್ಬೇಡ."

"ಬೀಗ ನಂಬಲ್ಲ."

"ನಂಬ್ಬೇಡಪ್ಪ." ಗಡಿಯಾರದಣ್ಣ ಎದ್ದ. "ನಿನ್ನ ಕಟಿಂಗ್ ಪ್ಲೇಯರ್ ಕೊಡು. ಆ ವೈರುಗಳನ್ನ ಈಗಲೇ ಕತ್ತರಿಸ್ತೀನಿ. ನಾನೇ ಹಾಕ್ಸಿದ್ದು, ನಾನೇ ತೆಗೀಬೇಕು."

ಲೈನ್‌ಮನ್ನು ಒಳಗೆ ಬಂದು ಬಗ್ಗಿ ಬ್ಯಾಟರಿಯನ್ನು ನೋಡಿದ. ಅದರ ತುದಿಗಳನ್ನು ತಾನೇ ಬಿಚ್ಚಿ ದೂರ ಸರಿಸಿದ. ಪ್ಲೇಯರನ್ನು ಮಾವನ ಕೈಗೆ ಕೊಟ್ಟು, ಅದರ ಮೇಲೆ ಬೀಗದ ಕೀಯನ್ನೂ ಇಟ್ಟ.

"ಇದ್ಯಾಕೆ? ಬೀಗ ಹಾಕೇ ಇದೆಯಲ್ಲ."

"ಈಗ ತಂತಿಲಿ ಕೈ ಇಡ್ತಿರೋರು ನೀವು. ಕೀ ನಿಮ್ಮ ಜೇಬಲ್ಲಿರ್ಬೇಕು. ಅದೇ ಕಾಯ್ದೆ."

"ನಂಗೆ ಕೀ ಯಾಕೋ, ಇಲ್ದೇನೇ ತೆಗೆಯೋನಿಗೆ."

"ನೀವು ತೆಗೆಯೋಕಲ್ಲ ಮಾವ. ಬೇರೆಯವ್ರು ತೆಗೀದೇ ಇರೋಕೆ. ನಾನು ಸ್ವಿಚ್ ಹತ್ರ ನಿಂತಿರ್ತೀನಿ," ಎಂದು ಹೇಳಿ ಅವನು ಹೊರಗೆ ಹೋದ.

ಗಡಿಯಾರದಣ್ಣ ಕೀಯನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲ ಕೆಳಗೆ ಮಂಡಿಯೂರಿದ. ಅಲ್ಲಿ ಮಬ್ಬು. ತಂತಿಗಳನ್ನು ಬೆರಳಲ್ಲಿ ಹಿಡಿದ. ಕೀ ಜೇಬಿನಲ್ಲಿದೆ, ಬ್ಯಾಟರಿ ಬಿಚ್ಚಿದೆ, ಎಲ್ಲ ಗೊತ್ತು. ಆದರೂ ಗೋಡೆಯಾಚೆ ಒಬ್ಬ ಮನುಷ್ಯ ಸ್ವಿಚ್ಚಿನ ಪಕ್ಕ ನಿಂತಿದ್ದಾನೆ. ತನ್ನ ಜೀವ ಈಗ ಆ ಮನುಷ್ಯ ಏನು ಮಾಡುತ್ತಾನೆ, ಏನು ಮಾಡುವುದಿಲ್ಲ ಎಂಬುದರ ಮೇಲಿದೆ. ಕಂಬದ ಮೇಲೆ ದಿನಾ ಹೀಗೇ ಇರುತ್ತದಲ್ಲ ಎಂದುಕೊಂಡ. ಸ್ಪ್ರಿಂಗು ಹಿಡಿದಾಗ ಅಲುಗದ ಅವನ ಕೈ ನಡುಗುತ್ತಿತ್ತು.

"ಅಲ್ಲೇ ಇದೀಯೇನೋ?" ಎಂದು ಕೂಗಿದ.

"ಇಲ್ಲೇ ಇದೀನಿ ಮಾವ."

ಅವನು ತಂತಿ ಕತ್ತರಿಸಿದ.